ಟರ್ಮಿನಲ್ ದಾಟಿಸುವವರು ಯಾರು?

ಹುಬ್ಬಳ್ಳಿಯಿಂದ ಮುಂಬೈಗೆ ವಿಮಾನದಲ್ಲಿ ಹೆಚ್ಚೆಂದರೆ ಒಂದೂವರೆ ತಾಸು. ಮುಂಬೈಯಿಂದ ಲಂಡನ್ನಿಗೋ ದುಬೈಗೋ ಹೋಗಲು ದಿನಕ್ಕೆ ಹಲವು ವಿಮಾನಗಳಿವೆ. ಮೊಬೈಲಿನಲ್ಲಿ ಎರಡನ್ನೂ ಜೋಡಿಸಿ ನೋಡಿದರೆ ಪ್ರಯಾಣ ಸಲೀಸು ಅನಿಸುತ್ತದೆ. ಆದರೆ ಮೊದಲ ವಿಮಾನ ಸಾಂತಾಕ್ರೂಜ್ ಕಡೆಯ ಒಂದನೇ ಟರ್ಮಿನಲ್ಲಿಗೆ ಬಂದು, ಎರಡನೆಯದು ಸಹಾರ್ ಕಡೆಯ ಎರಡನೇ ಟರ್ಮಿನಲ್ಲಿನಿಂದ ಹೊರಡುವುದಾದರೆ ನಡುವೆ ಸುಮಾರು 5 ಕಿಲೋಮೀಟರ್ ಊರ ರಸ್ತೆ ಇದೆ. ಎರಡೂ ಟರ್ಮಿನಲ್ಲುಗಳಿಗೆ ರನ್‌ವೇ ಒಂದೇ, ನಿಲ್ದಾಣದ ಹೆಸರೂ ಒಂದೇ. ಆದರೂ ಈ ಐದು ಕಿಲೋಮೀಟರಿನ ಹೊಣೆ ಯಾರದು ಎಂದು ಕೇಳಿದರೆ ವಿಮಾನ ಸಂಸ್ಥೆ ನಿಲ್ದಾಣದತ್ತ ಕೈ ತೋರಿಸುತ್ತದೆ, ನಿಲ್ದಾಣ ಟಿಕೆಟ್ಟಿನತ್ತ ಕೈ ತೋರಿಸುತ್ತದೆ. ಕೊನೆಗೆ ಅದು ಬ್ಯಾಗು ಎಳೆದುಕೊಂಡು ಹೋಗುವವನ ಹೆಗಲಿಗೇ ಬರುತ್ತದೆ.

ಈ ಪ್ರಶ್ನೆ ಹಳೆಯದೇ. ಆದರೆ ಈಗ ಅದು ಇನ್ನಷ್ಟು ದೊಡ್ಡದಾಗಿದೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿ ಮುಂಬೈ ವಿಮಾನ ನಿಲ್ದಾಣದಲ್ಲಿ ಅದೇ ವರ್ಷದ ಡಿಸೆಂಬರ್ 25ರಂದು ವಿಮಾನ ಸಂಚಾರ ಶುರುವಾಯಿತು. ಗೋವಾದಲ್ಲಿ 2023ರ ಜನವರಿಯಿಂದಲೇ ದಾಬೋಲಿಂ ಜೊತೆಗೆ ಮೋಪಾ ಇದೆ. ದಿಲ್ಲಿಯ ಮಗ್ಗುಲಿಗೆ ಜೇವರ್‌ನಲ್ಲಿ ನೋಯ್ಡಾ ವಿಮಾನ ನಿಲ್ದಾಣ ತಲೆ ಎತ್ತಿದೆ. ಬೆಂಗಳೂರಿಗೂ ಎರಡನೇ ವಿಮಾನ ನಿಲ್ದಾಣ ಬೇಕು, ಅದು ಕನಕಪುರ ರಸ್ತೆಯಲ್ಲೋ ನೆಲಮಂಗಲ–ಕುಣಿಗಲ್ ಕಡೆಗೋ ಎಂಬ ಚರ್ಚೆ ನಡೆದಿದೆ. ಒಂದೇ ನಿಲ್ದಾಣದ ಎರಡು ಟರ್ಮಿನಲ್ಲುಗಳ ನಡುವಿನ ದಾರಿಯನ್ನೇ ನೆಟ್ಟಗೆ ಮಾಡಿಕೊಳ್ಳದ ನಾವು ಈಗ ಒಂದೊಂದು ಊರಿಗೆ ಎರಡೆರಡು ನಿಲ್ದಾಣ ಕಟ್ಟುತ್ತಿದ್ದೇವೆ.

ಹೊರನಾಡಿನಲ್ಲಿರುವ ನಮಗೆ ಇದು ದೂರದ ವಿಷಯವಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅತ್ತೆ, ಮಗನ ಪದವಿ ಸಮಾರಂಭಕ್ಕೆ ಹೊರಟ ಚಿಕ್ಕಪ್ಪ, ಮೊದಲ ಸಲ ಓದಲು ಜರ್ಮನಿಗೆ ಹೊರಟ ಅಣ್ಣನ ಮಗ, ಹೀಗೆ ಹುಬ್ಬಳ್ಳಿ, ಬೆಳಗಾವಿ, ಕಲಬುರ್ಗಿ, ಶಿವಮೊಗ್ಗದಿಂದ ಹೊರಟವರಿಗೆ ಮುಂಬೈ, ದಿಲ್ಲಿ, ಹೈದರಾಬಾದ್, ಚೆನ್ನೈಗಳೇ ನಡುವಿನ ತಂಗುದಾಣ. ‘ಅಲ್ಲಿ ನಮ್ಮ ಹುಡುಗ ಇದ್ದಾನೆ, ಅವನೇ ಟರ್ಮಿನಲ್ ದಾಟಿಸ್ತಾನೆ’ ಎಂಬ ಧೈರ್ಯದ ಮೇಲೆ ಎಷ್ಟೋ ಮನೆಗಳ ಟಿಕೆಟ್ ಬುಕ್ ಆಗುತ್ತದೆ. ಆ ಹುಡುಗ ನಾವೇ. ನಾವು ಮಾಡುವ ಈ ಕೆಲಸ ನಿಜಕ್ಕೂ ಬೇರೆ ಯಾರೋ ಮಾಡಬೇಕಾದದ್ದು ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡುವ ಹೊತ್ತು ಬಂದಿದೆ.

ಊರಿಗೊಂದು ಬಗೆ

ಹೈದರಾಬಾದಿನ ಶಂಷಾಬಾದ್ ನಿಲ್ದಾಣ 2008ರ ಮಾರ್ಚ್‌ನಲ್ಲಿ ಶುರುವಾಯಿತು. ಅಲ್ಲಿ ಈಗ ದೇಶೀಯ ಮತ್ತು ಅಂತರರಾಷ್ಟ್ರೀಯ ವಿಮಾನಗಳಿಗೆ ಒಂದೇ ಕಟ್ಟಡ. ಇಮಿಗ್ರೇಷನ್, ಕಸ್ಟಮ್ಸ್ ತಪ್ಪುವುದಿಲ್ಲ ನಿಜ. ಆದರೆ ಬಸ್ಸು, ಟ್ಯಾಕ್ಸಿ ಹುಡುಕಬೇಕಾಗಿಲ್ಲ. ಚೆನ್ನೈಯಲ್ಲಿ ದೇಶೀಯ ಟರ್ಮಿನಲ್ಲುಗಳೂ ಅಂತರರಾಷ್ಟ್ರೀಯ ಟರ್ಮಿನಲ್ಲೂ ಬೇರೆ ಬೇರೆ ಕಟ್ಟಡಗಳಾದರೂ ಒಂದೇ ಆವರಣದಲ್ಲಿ ಅಕ್ಕಪಕ್ಕ ಇವೆ, ನಡೆದೇ ಹೋಗಬಹುದು. ಬೆಂಗಳೂರಿನಲ್ಲಿ ಎರಡನೇ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಅಲ್ಲಿಗೆ ಹೋದವು. ದೇಶೀಯ ವಿಮಾನಗಳು ಎರಡೂ ಟರ್ಮಿನಲ್ಲುಗಳಲ್ಲಿ ಹಂಚಿಹೋಗಿವೆ. ನಡುವೆ ಉಚಿತ ಬಸ್ಸು ಓಡುತ್ತದೆ, ಅಂತರವೂ ಕಡಿಮೆ.

ಕಷ್ಟ ಇರುವುದು ಮುಂಬೈ, ದಿಲ್ಲಿಗಳಲ್ಲಿ. ಮುಂಬೈಯ ಎರಡೂ ಟರ್ಮಿನಲ್ಲುಗಳನ್ನು ಈಗ ಮೆಟ್ರೋ ಮೂರನೇ ಮಾರ್ಗ ಜೋಡಿಸಿದೆ. ಎರಡಕ್ಕೂ ಅವುಗಳ ಹೆಸರಿನ ನಿಲ್ದಾಣಗಳಿವೆ, ನಡುವೆ ಸಹಾರ್ ರೋಡ್ ಎಂಬ ಒಂದೇ ನಿಲ್ದಾಣ. ಇದು ದೊಡ್ಡ ಅನುಕೂಲವೇ. ಆದರೆ ಮೆಟ್ರೋ ರಾತ್ರಿಯಿಡೀ ಓಡುವುದಿಲ್ಲ, ನಮ್ಮ ದೇಶದಿಂದ ಹೊರಡುವ ದೂರದ ವಿಮಾನಗಳು ಬಹುಪಾಲು ನಡುರಾತ್ರಿಯಿಂದ ನಸುಕಿನೊಳಗೆ ಹೊರಡುತ್ತವೆ. ಮಳೆಗಾಲದ ಸಂಜೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಐದು ಕಿಲೋಮೀಟರ್ ಎಂದರೆ ಎಷ್ಟು ಉದ್ದ ಎಂದು ಹೇಳಬೇಕಾಗಿಲ್ಲ.

ದಿಲ್ಲಿಯಲ್ಲಿ ಎರಡನೇ ಮತ್ತು ಮೂರನೇ ಟರ್ಮಿನಲ್ಲುಗಳು ನಡೆದು ಹೋಗುವಷ್ಟು ಹತ್ತಿರ ಇವೆ. ಒಂದನೇ ಟರ್ಮಿನಲ್ ಮಾತ್ರ ಆಚೆ ಕಡೆ, ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್. ಅಂತರರಾಷ್ಟ್ರೀಯ ವಿಮಾನಗಳಿಗೆ ಮೂರನೆಯದು, ಕಡಿಮೆ ದರದ ದೇಶೀಯ ವಿಮಾನಗಳಲ್ಲಿ ಬಹಳಷ್ಟಕ್ಕೆ ಒಂದನೆಯದು. ಎರಡಕ್ಕೂ ಮೆಟ್ರೋ ಇದೆ, ಆದರೆ ಬೇರೆ ಬೇರೆ ಮಾರ್ಗದಲ್ಲಿ: ಒಂದನೆಯದಕ್ಕೆ ಮಜೆಂತಾ ಮಾರ್ಗ, ಮೂರನೆಯದಕ್ಕೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್. ಒಂದರಿಂದ ಇನ್ನೊಂದಕ್ಕೆ ನೇರ ರೈಲಿಲ್ಲ. ಏರೋಸಿಟಿಯಿಂದ ಒಂದನೇ ಟರ್ಮಿನಲ್ಲಿಗೆ ಎರಡು ಕಿಲೋಮೀಟರಿಗಿಂತ ತುಸು ಉದ್ದದ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2025ರ ಡಿಸೆಂಬರ್‌ನಲ್ಲಿ. ಮೂರನೇ ಟರ್ಮಿನಲ್ ಉದ್ಘಾಟನೆಯಾದದ್ದು 2010ರಲ್ಲಿ. ಕಟ್ಟಡ ಎದ್ದು ಹದಿನೈದು ವರ್ಷವಾದ ಮೇಲೆ ಎರಡು ಕಿಲೋಮೀಟರ್ ದಾರಿಗೆ ಒಪ್ಪಿಗೆ!

ಟಿಕೆಟ್ಟಿನಲ್ಲಿ ಮುದ್ರಿಸಿದ ಟರ್ಮಿನಲ್ ಕೂಡ ಕೊನೆಯ ಮಾತಲ್ಲ. 2024ರ ಜೂನ್ 28ರಂದು ದಿಲ್ಲಿಯ ಒಂದನೇ ಟರ್ಮಿನಲ್ಲಿನ ಮುಂಭಾಗದ ಚಾವಣಿ ಕುಸಿದು ಒಬ್ಬ ಟ್ಯಾಕ್ಸಿ ಚಾಲಕ ಸತ್ತಾಗ ಅಲ್ಲಿನ ವಿಮಾನಗಳನ್ನು ಬೇರೆ ಟರ್ಮಿನಲ್ಲುಗಳಿಗೆ ಕಳಿಸಲಾಯಿತು. 2025ರ ಏಪ್ರಿಲ್‌ನಲ್ಲಿ ದುರಸ್ತಿಗೆಂದು ಎರಡನೆಯದನ್ನು ಮುಚ್ಚಿದರು, ಅಕ್ಟೋಬರ್‌ನಲ್ಲಿ ಮತ್ತೆ ತೆರೆದರು. ಮುಂಬೈಯ ಒಂದನೇ ಟರ್ಮಿನಲ್ಲನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯೂ ಇದೆ. ಹೋದ ವರ್ಷದ ಪ್ರಯಾಣದ ನೆನಪಿನಲ್ಲಿ ಈ ವರ್ಷ ಟರ್ಮಿನಲ್ಲಿಗೆ ಹೋಗುವವರಿಗೆ ಇದು ಗೊತ್ತಿರಬೇಕು.

ಹೀಗೇಕಾಯಿತು

ಟರ್ಮಿನಲ್ ಹಂಚಿಕೆ ಆಗುವುದು ವಿಮಾನ ಸಂಸ್ಥೆಗಳ ಲೆಕ್ಕದಲ್ಲಿ, ಪ್ರಯಾಣಿಕನ ದಾರಿಯ ಲೆಕ್ಕದಲ್ಲಲ್ಲ. ಯಾವ ಸಂಸ್ಥೆಗೆ ಎಷ್ಟು ಜಾಗ ಬೇಕು, ಯಾರು ಎಷ್ಟು ಕೊಡುತ್ತಾರೆ, ಎಲ್ಲಿ ಜಾಗ ಖಾಲಿ ಇದೆ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ. ಕಡಿಮೆ ದರದ ಸಂಸ್ಥೆಗಳಿಗೆ ಹಳೆಯ, ಸರಳ ಟರ್ಮಿನಲ್ ಸಾಕು. ಅಂತರರಾಷ್ಟ್ರೀಯ ವಿಮಾನಗಳಿಗೆ ಇಮಿಗ್ರೇಷನ್, ಕಸ್ಟಮ್ಸ್ ಇರುವ ದೊಡ್ಡ ಟರ್ಮಿನಲ್ ಬೇಕು. ಹೀಗಾಗಿ ಚಿಕ್ಕ ಊರಿನಿಂದ ಅಗ್ಗದ ಟಿಕೆಟ್ಟಿನಲ್ಲಿ ಬಂದವನು ಇಳಿಯುವ ಜಾಗ ಒಂದು, ಅವನು ಮುಂದೆ ಹತ್ತಬೇಕಾದ ಜಾಗ ಇನ್ನೊಂದು.

ಇದರ ಬೇರು ನಮ್ಮ ನಾಡಿನಲ್ಲೂ ಇದೆ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ರೈಲಿನ ಜನರನ್ನು ವಿಮಾನಕ್ಕೆ ಹತ್ತಿಸಿದರು. ಅವರು ತೋರಿಸಿದ ಮಾದರಿಯೇ ಇಂದು ದೇಶದ ಬಹುಪಾಲು ವಿಮಾನಯಾನವನ್ನು ಆಳುತ್ತಿದೆ. ಆ ಮಾದರಿಯ ಗುಟ್ಟು ಸರಳ: ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ದು ಇಳಿಸುವುದು, ಅಲ್ಲಿಗೆ ಕೆಲಸ ಮುಗಿಯಿತು. ಬೇರೆ ಸಂಸ್ಥೆಯ ವಿಮಾನಕ್ಕೆ ಬ್ಯಾಗು ದಾಟಿಸುವುದು, ತಪ್ಪಿದ ವಿಮಾನಕ್ಕೆ ಬದಲಿ ಕೊಡುವುದು ಇವೆಲ್ಲ ಖರ್ಚಿನ ಬಾಬ್ತು. ಆ ಖರ್ಚು ಬಿಟ್ಟದ್ದರಿಂದಲೂ ಟಿಕೆಟ್ ಅಗ್ಗವಾಯಿತು. ಅಗ್ಗವಾದ್ದರಿಂದ ನಮ್ಮ ಅಪ್ಪ ಅಮ್ಮ ವಿಮಾನ ಹತ್ತಿದರು. ಹಾಗಾಗಿ ಇದನ್ನು ಬರೀ ದೂರುವುದು ಸರಿಯಲ್ಲ. ಆದರೆ ಈಗ ಅದೇ ಕಡಿಮೆ ದರದ ವಿಮಾನ ಅಂತರರಾಷ್ಟ್ರೀಯ ಪ್ರಯಾಣದ ಮೊದಲ ಮೆಟ್ಟಿಲಾಗಿದೆ. ಮೆಟ್ಟಿಲು ಮುಗಿಯುವಲ್ಲಿ ಬಾಗಿಲು ಇಲ್ಲದಿದ್ದರೆ ಹೇಗೆ?

ಒಂದು ಟಿಕೆಟ್, ಎರಡು ಟಿಕೆಟ್

ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿ ಇವೆಯೇ, ಎರಡು ಬೇರೆ ಟಿಕೆಟ್ಟುಗಳಲ್ಲಿ ಇವೆಯೇ ಎಂಬುದರ ಮೇಲೆ ನೀವು ಯಾರು ಎನ್ನುವುದೇ ಬದಲಾಗುತ್ತದೆ.

ಪ್ರತಿ ನಿಲ್ದಾಣದಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಗಲು ಇಷ್ಟು ನಿಮಿಷವಾದರೂ ಬೇಕು ಎಂಬ ಕನಿಷ್ಠ ಸಮಯದ ಲೆಕ್ಕವಿರುತ್ತದೆ. ಟರ್ಮಿನಲ್ ಬದಲಾಗುವುದಾದರೆ ಆ ಲೆಕ್ಕ ಹೆಚ್ಚಾಗುತ್ತದೆ. ಒಂದೇ ಟಿಕೆಟ್ ಮಾರುವ ಸಂಸ್ಥೆ ಈ ಕನಿಷ್ಠಕ್ಕಿಂತ ಕಡಿಮೆ ಅಂತರದ ವಿಮಾನಗಳನ್ನು ಜೋಡಿಸುವ ಹಾಗಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳಿಸುವುದು ಅವರ ಹೊಣೆ. ಅದೇ ನೀವು ಎರಡು ಟಿಕೆಟ್ ಬೇರೆ ಬೇರೆಯಾಗಿ ಕೊಂಡರೆ ಈ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಎರಡನೇ ಸಂಸ್ಥೆಯ ಕಣ್ಣಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕ, ಅಷ್ಟೇ. ಹೊಸ ಟಿಕೆಟ್ ನಿಮ್ಮ ಜೇಬಿನಿಂದಲೇ ಆಗಬೇಕು.

ನಿಯಮಗಳೂ ಇದೇ ಗೆರೆಯ ಮೇಲೆ ನಿಂತಿವೆ. ವಿಮಾನ ರದ್ದಾದಾಗ, ತಡವಾದಾಗ ಪ್ರಯಾಣಿಕರಿಗೆ ಸಿಗಬೇಕಾದ ಸೌಲಭ್ಯಗಳ ಬಗ್ಗೆ ಡಿಜಿಸಿಎ ನಿಯಮಾವಳಿ ಇದೆ. ವಿಮಾನ ರದ್ದಾಗಿ ಮುಂದಿನ ವಿಮಾನ ತಪ್ಪಿದವರಿಗೆ ಅದರಲ್ಲಿ ಹೆಚ್ಚೆಂದರೆ ₹10,000ವರೆಗೆ ಪರಿಹಾರದ ಮಾತಿದೆ. ಆದರೆ ಆ ಮುಂದಿನ ವಿಮಾನ ‘ಅದೇ ಟಿಕೆಟ್ ಸಂಖ್ಯೆಯಲ್ಲಿ’ ಇರಬೇಕು. ಇನ್ನೊಂದು ನಿಯಮ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ನಿಲ್ದಾಣಗಳ ಬಳಕೆದಾರರ ಶುಲ್ಕವನ್ನು ನಿಗದಿಮಾಡುವ ಪ್ರಾಧಿಕಾರ, 24 ತಾಸಿನೊಳಗೆ ಮುಂದಿನ ವಿಮಾನ ಹಿಡಿಯುವವರಿಗೆ ಆ ಶುಲ್ಕದಿಂದ ವಿನಾಯಿತಿ ಕೊಟ್ಟಿದೆ. ಎರಡು ಬೇರೆ ಟಿಕೆಟ್ ಇದ್ದರೆ ಮಾತ್ರ ಅವರನ್ನು ಟ್ರಾನ್ಸಿಟ್ ಪ್ರಯಾಣಿಕರೆಂದು ಪರಿಗಣಿಸುವುದಿಲ್ಲ ಎಂದೂ ಅದರಲ್ಲೇ ಇದೆ. ಅಂದರೆ ಬೆಳಗಾವಿಯಿಂದ ಒಂದು ಟಿಕೆಟ್, ಮುಂಬೈಯಿಂದ ಇನ್ನೊಂದು ಟಿಕೆಟ್ ಕೊಂಡು ಎರಡು ಟರ್ಮಿನಲ್ಲುಗಳ ನಡುವೆ ಓಡುತ್ತಿರುವವನು ಸರ್ಕಾರಿ ಕಾಗದದಲ್ಲಿ ಟ್ರಾನ್ಸಿಟ್ ಪ್ರಯಾಣಿಕನೇ ಅಲ್ಲ!

ಬ್ಯಾಗಿನ ತೂಕದಲ್ಲೂ ಇದೇ ಕಥೆ. ಅಮೆರಿಕದ ಕಡೆಗೆ ಹೋಗುವ ಹಲವು ವಿಮಾನಗಳಲ್ಲಿ 23 ಕಿಲೋದ ಎರಡು ಬ್ಯಾಗು ಒಯ್ಯಬಹುದು. ನಮ್ಮ ದೇಶೀಯ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ. ಒಂದೇ ಟಿಕೆಟ್ ಆಗಿದ್ದರೆ ಊರಿನಿಂದಲೇ ದೊಡ್ಡ ಲೆಕ್ಕ ನಡೆಯುತ್ತದೆ. ಬೇರೆ ಟಿಕೆಟ್ ಆದರೆ ಚಟ್ನಿಪುಡಿ, ಅಂಟಿನುಂಡಿ, ಮೊಮ್ಮಗುವಿನ ಬಟ್ಟೆ ತುಂಬಿದ ಬ್ಯಾಗಿಗೆ ಊರಿನ ಕೌಂಟರಿನಲ್ಲೇ ಹೆಚ್ಚುವರಿ ಹಣ ಎಣಿಸಬೇಕು. ಬೇರೆ ಬೇರೆ ಕೊಂಡು ಉಳಿಸಿದ ಮೂರು ನಾಲ್ಕು ಸಾವಿರ ಅಲ್ಲೇ ಕರಗಿಹೋಗುತ್ತದೆ.

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದಾಗ ಈ ಗೆರೆ ಎಷ್ಟು ಹರಿತ ಎಂದು ಗೊತ್ತಾಯಿತು. ರದ್ದಾದ ದೇಶೀಯ ಟಿಕೆಟ್ಟಿನ ಹಣ ವಾಪಸ್ ಬರಬಹುದು. ಆದರೆ ಅದನ್ನು ನಂಬಿಕೊಂಡು ಬೇರೆಯಾಗಿ ಕೊಂಡ ವಿದೇಶಿ ಟಿಕೆಟ್ಟಿನ ಬೆಲೆ ಅದರ ಎಷ್ಟೋ ಪಟ್ಟು. ಅದಕ್ಕೆ ಯಾರೂ ಜವಾಬ್ದಾರರಲ್ಲ.

ಬರುವ ದಾರಿಯೇ ಹೆಚ್ಚು ಕಷ್ಟ

ಹೋಗುವಾಗ ಒಂದೇ ಟಿಕೆಟ್ ಆಗಿದ್ದರೆ ಬ್ಯಾಗು ಊರಿನಲ್ಲಿ ಕೊಟ್ಟದ್ದು ಸಾಮಾನ್ಯವಾಗಿ ಕೊನೆಯ ಊರಿನಲ್ಲೇ ಸಿಗುತ್ತದೆ. ಬರುವಾಗ ಹಾಗಲ್ಲ. ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಬೆಲ್ಟಿನಿಂದ ಬ್ಯಾಗು ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬ್ಯಾಗು ಒಪ್ಪಿಸಬೇಕು. ಟರ್ಮಿನಲ್ ಬದಲಾಗುವುದಾದರೆ ಹೊರಗೆ ಬಂದು, ಶಟಲ್ ಬಸ್ಸೋ ಟ್ಯಾಕ್ಸಿಯೋ ಹಿಡಿದು, ಇನ್ನೊಂದು ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿಗೆ ಟಿಕೆಟ್, ಗುರುತಿನ ಚೀಟಿ ತೋರಿಸಿ, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲಬೇಕು.

ಲೆಕ್ಕ ಹಾಕಿ ನೋಡಿ. ವಿಮಾನ ಇಳಿದದ್ದು ಬೆಳಗಿನ 2 ಗಂಟೆಗೆ, ಮುಂದಿನದು 5 ಗಂಟೆಗೆ. ಕಾಗದದಲ್ಲಿ ಮೂರು ತಾಸು. ದೇಶೀಯ ಕೌಂಟರ್ ಹೊರಡುವುದಕ್ಕೆ ಮುಕ್ಕಾಲು ತಾಸಿನಿಂದ ಒಂದು ತಾಸು ಮೊದಲೇ ಮುಚ್ಚುತ್ತದೆ, ಉಳಿದದ್ದು ಎರಡು ತಾಸು. ಅದೇ ಹೊತ್ತಿಗೆ ನಾಲ್ಕಾರು ದೊಡ್ಡ ವಿಮಾನ ಇಳಿದಿದ್ದರೆ ಇಮಿಗ್ರೇಷನ್ ಸಾಲು, ಬೆಲ್ಟಿನ ಕಾಯುವಿಕೆ ಎಲ್ಲ ಸೇರಿ ಒಂದು ತಾಸು ಕಳೆಯುವುದು ದೊಡ್ಡ ಮಾತಲ್ಲ. ಉಳಿದ ಒಂದು ತಾಸಿನಲ್ಲಿ ಬಸ್ಸು ಕಾದು, ಊರ ರಸ್ತೆ ದಾಟಿ, ಇನ್ನೊಂದು ಸಾಲಿಗೆ ನಿಲ್ಲಬೇಕು. ಹದಿನಾರು ತಾಸು ಕುಳಿತು ಬಂದ ಎಪ್ಪತ್ತರ ಹಿರಿಯರಿಗೆ ಇದು ಲೇಓವರ್ ಅಲ್ಲ, ಓಟದ ಪಂದ್ಯ.

ಇದರಲ್ಲಿ ಒಂದು ತುಂಡನ್ನು ಸರ್ಕಾರ ಸರಾಗ ಮಾಡಿದೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಮತ್ತು ಒಸಿಐ ಕಾರ್ಡುದಾರರು ಮೊದಲೇ ನೋಂದಾಯಿಸಿಕೊಂಡರೆ ಇ–ಗೇಟ್ ಮೂಲಕ ಬೇಗ ಇಮಿಗ್ರೇಷನ್ ದಾಟುವ ವ್ಯವಸ್ಥೆ 2024ರ ಜೂನ್‌ನಲ್ಲಿ ದಿಲ್ಲಿಯಲ್ಲಿ ಶುರುವಾಗಿ, 2025ರ ಜನವರಿಯಲ್ಲಿ ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್ ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ಬಂತು. ಇದಕ್ಕೆ ಶುಲ್ಕವಿಲ್ಲ. ವರ್ಷಕ್ಕೊಮ್ಮೆಯಾದರೂ ಹೊರಗೆ ಹೋಗಿಬರುವ ಅಪ್ಪ ಅಮ್ಮನ ಹೆಸರಿನಲ್ಲಿ ಇದನ್ನು ಮಾಡಿಸಿಡುವುದು ನಮ್ಮಿಂದಾಗುವ ಕೆಲಸ. ಆದರೆ ಇಮಿಗ್ರೇಷನ್ನಿನಲ್ಲಿ ಉಳಿಸಿದ ಇಪ್ಪತ್ತು ನಿಮಿಷವನ್ನು ಟರ್ಮಿನಲ್ ನಡುವಿನ ಸಿಗ್ನಲ್ಲಿನಲ್ಲಿ ಕಳೆಯುವಂತಾದರೆ ಏನು ಬಂತು?

ಹೊರದೇಶದಲ್ಲಿ ಟರ್ಮಿನಲ್ ಎಂದರೆ ಗಡಿ

ಹೊರಗಿನ ದೊಡ್ಡ ನಿಲ್ದಾಣಗಳಲ್ಲಿ ಟರ್ಮಿನಲ್ಲುಗಳ ನಡುವಿನ ದೂರ ನಮ್ಮದಕ್ಕಿಂತ ಕಡಿಮೆಯೇನಲ್ಲ. ವ್ಯತ್ಯಾಸ ಇರುವುದು ದಾಟಿಸುವ ರೀತಿಯಲ್ಲಿ. ಸಿಂಗಪುರದ ಚಾಂಗಿಯಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ಟರ್ಮಿನಲ್ಲುಗಳ ನಡುವೆ ಪುಟ್ಟ ರೈಲು ಓಡುತ್ತದೆ. ಲಂಡನ್ನಿನ ಹೀಥ್ರೂದಲ್ಲಿ ಭದ್ರತಾ ವಲಯದ ಒಳಗೇ ಬಸ್ಸು. ದುಬೈಯ ಎರಡನೇ ಟರ್ಮಿನಲ್ ರನ್‌ವೇಯ ಆಚೆ ಬದಿಗಿದ್ದರೂ ಒಳಗಿನ ಬಸ್ಸಿನಲ್ಲೇ ದಾಟಬಹುದು. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಕೊಲ್ಲಿ ಪ್ರಯಾಣಿಕರಿಗೆ ಇದು ಹೊಸತಲ್ಲ. ಈ ಊರುಗಳಿಗೆ ವಿಮಾನ ಬದಲಿಸುವವನೇ ದೊಡ್ಡ ಗಿರಾಕಿ. ಅವನು ಸಲೀಸಾಗಿ ದಾಟಿದರೆ ಮಾತ್ರ ಅವರ ವ್ಯಾಪಾರ ನಡೆಯುತ್ತದೆ.

ಆದರೆ ಭಾರತೀಯ ಪಾಸ್‌ಪೋರ್ಟ್ ಹಿಡಿದವರು ಅಲ್ಲಿ ಒಂದು ವಿಷಯ ನೆನಪಿಡಬೇಕು. ಭದ್ರತಾ ವಲಯದ ಒಳಗೇ ದಾಟುವುದು ಬೇರೆ, ಹೊರಗೆ ಬಂದು ಬ್ಯಾಗು ಎತ್ತಿಕೊಂಡು ದಾಟುವುದು ಬೇರೆ. ಎರಡನೆಯದು ಆ ದೇಶದೊಳಗೆ ಕಾಲಿಟ್ಟಂತೆ, ಅದಕ್ಕೆ ವೀಸಾ ಬೇಕು. ಬೇರೆ ಬೇರೆ ಟಿಕೆಟ್ ಕೊಂಡವರ ಬ್ಯಾಗು ಮೊದಲ ಊರಿನ ಬೆಲ್ಟಿಗೇ ಬರುತ್ತದಾದ್ದರಿಂದ, ಅಗ್ಗದ ಟಿಕೆಟ್ ನೇರವಾಗಿ ವೀಸಾದ ಪ್ರಶ್ನೆಯಾಗುತ್ತದೆ. ಬ್ರಿಟನ್ನಿನಲ್ಲಂತೂ ಒಳಗೇ ವಿಮಾನ ಬದಲಿಸಲೂ ನಮ್ಮವರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ವಿನಾಯಿತಿಗಳಿವೆ. ಅಮೆರಿಕದಲ್ಲಿ ಒಳಗೇ ದಾಟುವ ಮಾತೇ ಇಲ್ಲ. ಮುಂದೆ ಬೇರೆ ದೇಶಕ್ಕೆ ಹೋಗುವವರೂ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಮತ್ತೆ ಭದ್ರತಾ ತಪಾಸಣೆಗೆ ಒಳಗಾಗಬೇಕು. ವೀಸಾ ಸರಿಯಿಲ್ಲದಿದ್ದರೆ ತೊಂದರೆ ಎದುರಾಗುವುದು ಅಲ್ಲಿ ಇಳಿದ ಮೇಲಲ್ಲ. ಇಲ್ಲಿಯ ಚೆಕ್‌ಇನ್ ಕೌಂಟರಿನಲ್ಲೇ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ.

ಗಾಲಿಕುರ್ಚಿ ಹೇಳುವ ಕಥೆ

ಅಮೆರಿಕದಿಂದ ಬರುವ ವಿಮಾನ ಮುಂಬೈಯಲ್ಲೋ ದಿಲ್ಲಿಯಲ್ಲೋ ಇಳಿದಾಗ ಬಾಗಿಲ ಬಳಿ ಸಾಲುಗಟ್ಟಿ ನಿಂತ ಗಾಲಿಕುರ್ಚಿಗಳನ್ನು ನೋಡಿದವರು ಬಹಳ ಜನ ಇರಬಹುದು. ನಡೆಯಬಲ್ಲವರೂ ಗಾಲಿಕುರ್ಚಿ ಕೇಳುತ್ತಾರೆ, ಇದು ದುರುಪಯೋಗ ಎಂಬ ದೂರು ಆಗಾಗ ಕೇಳಿಬರುತ್ತದೆ. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಅವರು ಯಾಕೆ ಕೇಳುತ್ತಾರೆ? ಕಾಲಿಗೆ ಬಲವಿಲ್ಲ ಎಂದಷ್ಟೇ ಅಲ್ಲ, ದಾರಿ ಗೊತ್ತಿಲ್ಲವೆಂದು. ಫಲಕದ ಇಂಗ್ಲಿಷ್ ಬೇಗ ಓದಲಾಗುವುದಿಲ್ಲ, ಧ್ವನಿವರ್ಧಕದ ಹಿಂದಿ ಅರ್ಥವಾಗುವುದಿಲ್ಲ, ಮೊಬೈಲಿಗೆ ಇಲ್ಲಿನ ಸಿಮ್ ಹಾಕಿಲ್ಲ. ಕೈಹಿಡಿದು ಕರೆದೊಯ್ಯುವ ಒಬ್ಬ ಮನುಷ್ಯ ಸಿಗಬೇಕೆಂದರೆ ಫಾರಂನಲ್ಲಿ ಗುರುತು ಹಾಕಲು ಇರುವುದು ಅದೊಂದೇ ಚೌಕ: ಗಾಲಿಕುರ್ಚಿ. ಹಣ ಕೊಟ್ಟರೆ ಜೊತೆಗೆ ಬಂದು ದಾಟಿಸುವ ಸೇವೆ ದೊಡ್ಡ ನಿಲ್ದಾಣಗಳಲ್ಲಿದೆ. ಅದರ ಬೆಲೆ ಕೇಳಿದರೆ ಊರಿನ ಹಿರಿಯರು ಬೇಡ ಅನ್ನುತ್ತಾರೆ.

ಇದರಿಂದ ನಷ್ಟ ಆಗುವುದು ನಿಜವಾಗಿ ಅಗತ್ಯ ಇರುವವರಿಗೆ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬೈಗೆ ಬಂದ 80 ವರ್ಷದ ಪ್ರಯಾಣಿಕರೊಬ್ಬರಿಗೆ ಗಾಲಿಕುರ್ಚಿ ಸಿಗಲಿಲ್ಲ. ದಂಪತಿ ಇಬ್ಬರಿಗೂ ಕೇಳಿದ್ದರೂ ಒಂದೇ ಸಿಕ್ಕಿತು. ಹೆಂಡತಿಯನ್ನು ಅದರಲ್ಲಿ ಕೂರಿಸಿ ಪಕ್ಕದಲ್ಲಿ ನಡೆದು ಬಂದ ಅವರು ಇಮಿಗ್ರೇಷನ್ ಹತ್ತಿರ ಕುಸಿದುಬಿದ್ದು ತೀರಿಕೊಂಡರು. ಡಿಜಿಸಿಎ ಏರ್ ಇಂಡಿಯಾ ಸಂಸ್ಥೆಗೆ ₹30 ಲಕ್ಷ ದಂಡ ಹಾಕಿತು. ದಂಡ ಬಿದ್ದದ್ದು ಕುರ್ಚಿ ಇಲ್ಲದ್ದಕ್ಕೆ. ದಾರಿ ತೋರಿಸುವವರಿಲ್ಲದೆ ಕುರ್ಚಿಗೆ ಇಷ್ಟು ಬೇಡಿಕೆ ಬಂದಿದೆ ಎಂಬುದರ ಬಗ್ಗೆ ಯಾರೂ ಮಾತಾಡಲಿಲ್ಲ.

ಏನಾಗಬೇಕು

ದಿಲ್ಲಿ, ಮುಂಬೈ, ಬೆಂಗಳೂರುಗಳನ್ನು ದುಬೈ, ಸಿಂಗಪುರದಂಥ ವಿಮಾನ ಸಂಗಮಗಳನ್ನಾಗಿ ಮಾಡಬೇಕೆಂಬ ಮಾತು ಸರ್ಕಾರದಿಂದಲೂ ಉದ್ಯಮದಿಂದಲೂ ಬರುತ್ತಿದೆ. ಒಳ್ಳೆಯ ಆಸೆ. ಆದರೆ ಸಂಗಮ ಆಗುವುದು ರನ್‌ವೇಯ ಉದ್ದದಿಂದಲ್ಲ, ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟುವ ಸುಲಭದಿಂದ. ಅದಕ್ಕೆ ಮೂರು ಕೆಲಸ ಆಗಬೇಕು ಅನಿಸುತ್ತದೆ.

ಮೊದಲನೆಯದು, ಟಿಕೆಟ್ ಮಾರುವ ತಾಣಗಳು ಹಣ ಪಡೆಯುವ ಮೊದಲೇ ದೊಡ್ಡ ಅಕ್ಷರದಲ್ಲಿ ಹೇಳಬೇಕು: ಇವು ಎರಡು ಬೇರೆ ಟಿಕೆಟ್, ಟರ್ಮಿನಲ್ ಬದಲಾಗುತ್ತದೆ, ಬ್ಯಾಗು ನೀವೇ ಒಯ್ಯಬೇಕು, ವಿಮಾನ ತಪ್ಪಿದರೆ ಹೊಣೆ ನಿಮ್ಮದೇ ಎಂದು. ಈಗ ಇದನ್ನು ಹುಡುಕಬೇಕೆಂದರೆ ಷರತ್ತುಗಳ ಕಾಡಿಗೆ ಇಳಿಯಬೇಕು. ಎರಡನೆಯದು, ಬೇರೆ ಟಿಕೆಟ್ ಇದ್ದರೂ 24 ತಾಸಿನೊಳಗೆ ಮುಂದಿನ ವಿಮಾನ ಹಿಡಿಯುವವನನ್ನು ಟ್ರಾನ್ಸಿಟ್ ಪ್ರಯಾಣಿಕನೆಂದು ಒಪ್ಪಬೇಕು. ಆಗ ಶುಲ್ಕದ ವಿನಾಯಿತಿಯಷ್ಟೇ ಅಲ್ಲ, ಅವನನ್ನು ದಾಟಿಸುವ ಬಸ್ಸು, ಸಹಾಯಕ, ಫಲಕಗಳ ಹೊಣೆಯೂ ನಿಲ್ದಾಣದ ಲೆಕ್ಕಕ್ಕೆ ಬರುತ್ತದೆ. ಮೂರನೆಯದು, ಗಾಲಿಕುರ್ಚಿ ಬೇಡದ, ಆದರೆ ಜೊತೆಗೊಬ್ಬರು ಬೇಕಾದ ಹಿರಿಯರಿಗೆ ಬೇರೆಯದೇ ಒಂದು ಸಹಾಯ ಇರಬೇಕು. ಪಕ್ಕದ ರಾಜ್ಯದ ಭಾಷೆ ಬಲ್ಲವರು ಆ ಕೆಲಸಕ್ಕಿದ್ದರೆ ಇನ್ನೂ ಒಳ್ಳೆಯದು. ಮುಂಬೈ, ಹೈದರಾಬಾದ್, ಚೆನ್ನೈಗಳಲ್ಲಿ ಕನ್ನಡ ಬಲ್ಲವರಿಗೇನು ಕೊರತೆ?

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು. ಹಿರಿಯರಿಗೆ, ಮೊದಲ ಸಲ ಹೋಗುವವರಿಗೆ ತುಸು ದುಬಾರಿಯಾದರೂ ಒಂದೇ ಟಿಕೆಟ್ ತೆಗೆಯುವುದು. ಬೇರೆ ಟಿಕೆಟ್ ಅನಿವಾರ್ಯವಾದರೆ ನಡುವೆ ಆರೆಂಟು ತಾಸು ಇಡುವುದು, ಇಲ್ಲವೇ ಒಂದು ರಾತ್ರಿ ನಮ್ಮ ಮನೆಯಲ್ಲೇ ಉಳಿಸಿಕೊಳ್ಳುವುದು. ಊರಿನ ಹೆಸರಿನ ಜೊತೆ ನಿಲ್ದಾಣದ ಸಂಕೇತವನ್ನೂ ನೋಡುವುದು. ಮುಂಬೈಯ ಹಳೆಯ ನಿಲ್ದಾಣ ಬಿಒಎಂ, ನವಿ ಮುಂಬೈಯದು ಎನ್‌ಎಂಐ. ಇವುಗಳ ನಡುವೆ 40 ಕಿಲೋಮೀಟರ್ ಆಸುಪಾಸಿನ ರಸ್ತೆ ಇದೆ. ಗೋವಾದ ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್. ಹೊರಡುವ ಹಿಂದಿನ ದಿನ ಟರ್ಮಿನಲ್ಲನ್ನು ಮತ್ತೊಮ್ಮೆ ಖಚಿತ ಮಾಡಿಕೊಳ್ಳುವುದು. ಬ್ಯಾಗು ತಡವಾಗಿ ಬಂದರೆ 21 ದಿನದೊಳಗೆ ಲಿಖಿತ ದೂರು ಕೊಡುವುದು. ಭಾರತ 2009ರಲ್ಲಿ ಸೇರಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದ ವಿಳಂಬದಿಂದಾದ ನಷ್ಟಕ್ಕೆ ಎರಡು ವರ್ಷದೊಳಗೆ ಮೊಕದ್ದಮೆ ಹೂಡಲು ಅವಕಾಶವಿದೆ. ಅದಕ್ಕಾಗಿ ಬೋರ್ಡಿಂಗ್ ಪಾಸ್, ಬ್ಯಾಗಿನ ಚೀಟಿ ಎಸೆಯದೆ ಇಟ್ಟುಕೊಳ್ಳುವುದು.

ಕೊನೆಯದಾಗಿ ನಮ್ಮ ರಾಜ್ಯದ ಮಾತು. ದೇವನಹಳ್ಳಿಯ ನಿಲ್ದಾಣದ 150 ಕಿಲೋಮೀಟರ್ ಸುತ್ತಳತೆಯಲ್ಲಿ ಇನ್ನೊಂದು ನಿಲ್ದಾಣ ಬರಬಾರದೆಂಬ ಒಪ್ಪಂದದ ಅವಧಿ 2033ಕ್ಕೆ ಮುಗಿಯುತ್ತದೆ. ಎರಡನೇ ನಿಲ್ದಾಣದ ಜಾಗದ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯಲ್ಲಿ ಭೂಮಿಯ ಬೆಲೆ, ಯಾವ ಕಡೆಗೆ ಊರು ಬೆಳೆಯಬೇಕು ಎಂಬುದೇ ಹೆಚ್ಚು ಕೇಳುತ್ತಿದೆ. ಕಲಬುರ್ಗಿಯಿಂದ ಒಂದು ನಿಲ್ದಾಣಕ್ಕೆ ಬಂದಿಳಿದವರು ಇನ್ನೊಂದು ನಿಲ್ದಾಣದಿಂದ ವಿದೇಶಕ್ಕೆ ಹೊರಡುವುದಾದರೆ, ಇಡೀ ಬೆಂಗಳೂರನ್ನು ಉತ್ತರದಿಂದ ದಕ್ಷಿಣಕ್ಕೆ ಹೇಗೆ ದಾಟುತ್ತಾರೆ? ಈ ಪ್ರಶ್ನೆ ಯೋಜನೆಯ ಮೊದಲ ಪುಟದಲ್ಲೇ ಇರಬೇಕು. ಮೆಟ್ರೋ ಆಮೇಲೆ ಬರುತ್ತದೆ ಎಂದು ಹೊರಟ ದಿಲ್ಲಿಗೆ ಒಪ್ಪಿಗೆ ಸಿಗಲು ಹದಿನೈದು ವರ್ಷ ಹಿಡಿಯಿತು. ಜಾಗ ಗೊತ್ತುಮಾಡುವ ದಿನವೇ ಎರಡು ನಿಲ್ದಾಣಗಳ ನಡುವಿನ ದಾರಿಯನ್ನೂ ಗೊತ್ತುಮಾಡಿ ಎಂದು ಹೊರಗಿರುವ ನಾವೂ ನಮ್ಮ ಶಾಸಕರಿಗೆ, ಸಂಸದರಿಗೆ ಬರೆಯಬಹುದು. ಆ ದಾರಿಯನ್ನು ಮುಂದೆ ನಡೆಯುವವರು ನಮ್ಮ ಮನೆಯವರೇ.